ಗಾಳಿಯ ಪ್ರಶ್ನೆಯನ್ನು ಕೈ ದಾಟಿಸಿದ ಮೇಷ್ಟ್ರು: ಗೈಡ್ ಆಗಿ ಸತೀಶ್ ಧವನ್

ನಮ್ಮಲ್ಲಿ ‘ಗೈಡ್’ ಅನ್ನುವ ಪದಕ್ಕೆ ಎರಡು ಅರ್ಥ. ಒಂದು, ಪರೀಕ್ಷೆ ಹತ್ತಿರ ಬಂದಾಗ ಪುಸ್ತಕದಂಗಡಿಗೆ ಓಡಿ ಕೊಳ್ಳುವ ಗೈಡ್. ಎಲ್ಲ ಪ್ರಶ್ನೆಗೂ ಉತ್ತರ ಅದರಲ್ಲೇ ಇರುತ್ತದೆ. ಇನ್ನೊಂದು, ಪಿಎಚ್.ಡಿ. ಮಾಡುವವರು ‘ನಮ್ಮ ಗೈಡು’ ಅಂತ ಕರೆಯುವ ಪ್ರೊಫೆಸರು. ಹೆಸರು ಒಂದೇ ಆಗಿರುವುದರಿಂದಲೋ ಏನೋ, ಎರಡೂ ಒಂದೇ ಕೆಲಸ ಮಾಡುತ್ತವೆ ಅಂತ ಬಹಳ ಜನ ಅಂದುಕೊಂಡಿದ್ದಾರೆ.

ನಾನೂ ಹಾಗೇ ಅಂದುಕೊಂಡಿದ್ದೆ. ಬಿ.ಇ. ಮೆಕ್ಯಾನಿಕಲ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಮಗೂ ಒಬ್ಬರು ಗೈಡ್ ಇದ್ದರು. ವರ್ಷದಲ್ಲಿ ಮೂರು ಸಲ ಅವರ ಮುಂದೆ ನಿಂತಿದ್ದೆವು. ಮೂರು ಸಲವೂ ಸಹಿಗಾಗಿ. ವಿಷಯ ಹಿಂದಿನ ಬ್ಯಾಚಿನವರದ್ದು, ರಿಪೋರ್ಟಿನ ಅರ್ಧ ಭಾಗವೂ ಅವರದ್ದೇ. ಅವರನ್ನು ದೂರಲು ಇದನ್ನು ಹೇಳುತ್ತಿಲ್ಲ. ಅವರ ಮೇಲೆ ಎಷ್ಟು ಕ್ಲಾಸು, ಎಷ್ಟು ಪೇಪರ್ ಮೌಲ್ಯಮಾಪನ ಇತ್ತು ಅಂತ ಈಗ ಅರ್ಥವಾಗುತ್ತದೆ. ಆದರೆ ಗೈಡ್ ಅಂದರೆ ನಿಜವಾಗಿ ಏನು ಅಂತ ತಿಳಿಯದೆಯೇ ನಾನು ಎಂಜಿನಿಯರ್ ಆದೆ.

ಈ ವರ್ಷ ನನ್ನ ತಂಗಿಯ ಮಗಳಿಗೆ ಪಿಎಚ್.ಡಿ. ಸೀಟು ಸಿಕ್ಕಿದೆ. ‘ಮಾಮ, ಗೈಡ್‌ನ ಹೇಗೆ ಆರಿಸೋದು?’ ಅಂತ ಕೇಳಿದಳು. ಅವಳಿಗೆ ಹೇಳಲು ನನಗೆ ಹೊಳೆದದ್ದು ಒಬ್ಬ ಮೇಷ್ಟ್ರ ಕತೆ. ಸತೀಶ್ ಧವನ್ ಅವರದ್ದು.

ಧವನ್ ಹೆಸರು ಕೇಳಿದ ತಕ್ಷಣ ಇಸ್ರೋ ನೆನಪಾಗುತ್ತದೆ. ಶ್ರೀಹರಿಕೋಟದ ಉಡಾವಣಾ ಕೇಂದ್ರಕ್ಕೆ ಅವರ ಹೆಸರೇ ಇದೆ. ಆದರೆ ಇಸ್ರೋಗೆ ಅಧ್ಯಕ್ಷರಾಗುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಅವರು ಬೆಂಗಳೂರಿನಲ್ಲಿ ಪಾಠ ಹೇಳುವ ಮೇಷ್ಟ್ರು. ಅವರು ಕಲಿಸಿದ್ದೇನು, ಕಲಿಸಿದ್ದು ಹೇಗೆ ಅಂತ ತಿಳಿಯಬೇಕಾದರೆ ಅವರ ಕೈಯಲ್ಲಿದ್ದ ಪ್ರಶ್ನೆ ನಮಗೆ ಅರ್ಥವಾಗಬೇಕು. ಅದಕ್ಕೆ ಮನೆಯ ಸೀಲಿಂಗ್ ಫ್ಯಾನಿನಿಂದ ಶುರು ಮಾಡೋಣ.

ಫ್ಯಾನಿನ ರೆಕ್ಕೆ ಮೇಲೆ ದೂಳು ಕೂತಿರುತ್ತದೆ. ದಿನವಿಡೀ ಫ್ಯಾನು ಜೋರಾಗಿ ತಿರುಗುತ್ತದೆ. ಕೆಳಗೆ ಟೇಬಲ್ ಮೇಲಿನ ಕಾಗದ ಹಾರಿಹೋಗುತ್ತದೆ. ಆದರೆ ರೆಕ್ಕೆ ಮೇಲಿನ ದೂಳು ಮಾತ್ರ ಅಲ್ಲಾಡುವುದಿಲ್ಲ. ಹಬ್ಬದ ಹಿಂದಿನ ದಿನ ಸ್ಟೂಲ್ ಹತ್ತಿ ಒರೆಸಿದರಷ್ಟೇ ಹೋಗುತ್ತದೆ. ಯಾಕೆ? ರೆಕ್ಕೆಗೆ ಅಂಟಿಕೊಂಡಿರುವ ಗಾಳಿ ರೆಕ್ಕೆಯ ಜೊತೆಗೇ ತಿರುಗುತ್ತಿರುತ್ತದೆ. ರೆಕ್ಕೆಯ ಕಡೆಯಿಂದ ನೋಡಿದರೆ ಆ ಗಾಳಿ ನಿಂತೇ ಇದೆ. ಒಂದಿಷ್ಟು ಮೇಲೆ ಹೋದರೆ ಮಾತ್ರ ಗಾಳಿ ಪೂರ್ತಿ ವೇಗದಲ್ಲಿ ಹರಿಯುತ್ತದೆ. ನಿಂತ ಗಾಳಿಗೂ ಓಡುವ ಗಾಳಿಗೂ ನಡುವಿನ ಈ ತೆಳು ಪದರಕ್ಕೆ ಬೌಂಡರಿ ಲೇಯರ್ ಅಂತ ಹೆಸರು. ಗಡಿ ಪದರ ಅನ್ನೋಣ. ವಿಮಾನದ ರೆಕ್ಕೆ ಇರಲಿ, ಟರ್ಬೈನಿನ ಬ್ಲೇಡ್ ಇರಲಿ, ಗಾಳಿ ಅದನ್ನು ಎಷ್ಟು ಉಜ್ಜುತ್ತದೆ, ಎಷ್ಟು ಹಿಂದಕ್ಕೆ ಎಳೆಯುತ್ತದೆ, ಎಷ್ಟು ಬಿಸಿ ಮಾಡುತ್ತದೆ ಅನ್ನುವುದೆಲ್ಲ ತೀರ್ಮಾನವಾಗುವುದು ಈ ಪದರದಲ್ಲಿ.

ಇದನ್ನು ಕಂಡುಹಿಡಿದವರು ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್. ಓದಿದ್ದು ಎಂಜಿನಿಯರಿಂಗ್. 1900ರಲ್ಲಿ ಮ್ಯೂನಿಕ್‌ನಲ್ಲಿ ಡಾಕ್ಟರೇಟ್ ಮುಗಿಸಿ ನ್ಯೂರೆಂಬರ್ಗಿನ ಎಂಎಎನ್ ಕಾರ್ಖಾನೆಗೆ ಸೇರಿದರು. ಅಲ್ಲಿ ಸಿಕ್ಕ ಕೆಲಸ ದೊಡ್ಡದೇನಲ್ಲ. ಕಾರ್ಖಾನೆಯ ಹೊಟ್ಟು ಚೂರುಗಳನ್ನು ಗಾಳಿಯಿಂದ ಎಳೆದುಕೊಳ್ಳುವ ಪೈಪುಗಳನ್ನು ಸರಿಪಡಿಸುವುದು. ಪೈಪು ಅಗಲವಾಗುವ ಕಡೆ ಒತ್ತಡ ಏರಬೇಕು ಅಂತ ಲೆಕ್ಕ ಹೇಳುತ್ತಿತ್ತು. ಏರಲಿಲ್ಲ. ಗಾಳಿ ಪೈಪಿನ ಗೋಡೆ ಬಿಟ್ಟು ದೂರ ಸರಿಯುತ್ತಿತ್ತು. ಯಾಕೆ ಅನ್ನುವ ಪ್ರಶ್ನೆ ಅವರನ್ನು ಬಿಡಲಿಲ್ಲ. 1901ರಲ್ಲಿ ಹಾನೋವರಿನಲ್ಲಿ ಪ್ರೊಫೆಸರ್ ಆದ ಮೇಲೆ ಕೈಯಿಂದ ತಿರುಗಿಸುವ ಒಂದು ನೀರಿನ ತೊಟ್ಟಿ ಕಟ್ಟಿಕೊಂಡು ನೋಡುತ್ತಾ ಕೂತರು. 1904ರಲ್ಲಿ ಹೈಡೆಲ್‌ಬರ್ಗಿನಲ್ಲಿ ಗಣಿತಜ್ಞರ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಉತ್ತರ ಹೇಳಿದರು. ಹತ್ತು ನಿಮಿಷದ ಮಾತು. ಅಚ್ಚಾದಾಗ ಎಂಟು ಪುಟ. ವಿಮಾನ ವಿಜ್ಞಾನದ ಅಡಿಪಾಯ ಆ ಎಂಟು ಪುಟದಲ್ಲಿದೆ.

ಅದೇ ವರ್ಷ ಪ್ರಾಂಟ್ಲ್ ಗ್ಯೋಟಿಂಗೆನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರ ಗೈಡ್ ಬದುಕು ಶುರುವಾಯಿತು. ಆ ಕಾಲದ ಒಂದು ಘಟನೆ ನನಗೆ ತುಂಬಾ ಇಷ್ಟ. ಹೀಮೆನ್ಸ್ ಎಂಬ ಶಿಷ್ಯನಿಗೆ ಅವರು ಒಂದು ಕೆಲಸ ಕೊಟ್ಟರು. ಹರಿಯುವ ನೀರಿನ ನಡುವೆ ಒಂದು ಉರುಳೆ ನಿಲ್ಲಿಸಿ, ಅದರ ಸುತ್ತ ಒತ್ತಡ ಅಳೆಯಬೇಕು. ಹೀಮೆನ್ಸ್ ಅಳೆಯಲು ಹೋದರೆ ನೀರು ನಿಲ್ಲುತ್ತಲೇ ಇಲ್ಲ, ಅತ್ತಿತ್ತ ತುಯ್ಯುತ್ತದೆ. ‘ನಿನ್ನ ಉರುಳೆ ಸರಿಯಾಗಿ ದುಂಡಗಿಲ್ಲ’ ಅಂದರು ಪ್ರಾಂಟ್ಲ್. ಶಿಷ್ಯ ಉರುಳೆಯನ್ನು ನುಣ್ಣಗೆ ದುಂಡಗೆ ಮಾಡಿದ. ಆದರೂ ತುಯ್ಯಾಟ ನಿಲ್ಲಲಿಲ್ಲ. ಬಹುಶಃ ತೊಟ್ಟಿ ಎರಡೂ ಬದಿಗೆ ಸಮ ಇಲ್ಲ ಅಂತಾಯಿತು. ಅದನ್ನೂ ಸರಿಮಾಡಿದ. ಮತ್ತೆ ಅದೇ ಕತೆ. ಅದೇ ಲ್ಯಾಬಿನಲ್ಲಿದ್ದ ಕಿರಿಯ ಸಹೋದ್ಯೋಗಿ ಥಿಯೊಡೋರ್ ಫಾನ್ ಕಾರ್ಮಾನ್ ದಿನಾ ಬೆಳಿಗ್ಗೆ ಬಂದು ‘ಇವತ್ತಾದರೂ ನಿಂತಿತಾ?’ ಅಂತ ಕೇಳುತ್ತಿದ್ದರಂತೆ. ‘ಇಲ್ಲ’ ಅನ್ನುತ್ತಿದ್ದ ಹೀಮೆನ್ಸ್, ಸಪ್ಪೆ ಮುಖದಲ್ಲಿ. ಕೊನೆಗೆ ಕಾರ್ಮಾನ್‌ಗೆ ಹೊಳೆಯಿತು. ತಪ್ಪು ಉರುಳೆಯದ್ದಲ್ಲ, ತೊಟ್ಟಿಯದ್ದೂ ಅಲ್ಲ. ನೀರಿನ ಸ್ವಭಾವವೇ ಅದು. ಉರುಳೆಯ ಹಿಂದೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿಗಳು ಹುಟ್ಟಿ ಕಳಚಿಕೊಳ್ಳುತ್ತವೆ. 1911ರಲ್ಲಿ ಅವರು ಅದಕ್ಕೆ ಲೆಕ್ಕ ಕೊಟ್ಟರು. ಇವತ್ತಿಗೂ ಆ ಸುಳಿಗಳ ಸಾಲಿಗೆ ಕಾರ್ಮಾನ್ ಹೆಸರಿದೆ. ಎತ್ತರದ ಚಿಮಣಿ ಕಟ್ಟುವ ಎಂಜಿನಿಯರ್ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಈ ಘಟನೆಯಲ್ಲಿ ಗೈಡ್ ಮಾಡಿದ ಸರಿಯೂ ಇದೆ, ತಪ್ಪೂ ಇದೆ. ಸರಿ ಅಂದರೆ, ಅಳೆದು ನೋಡಬಹುದಾದ ಗಟ್ಟಿ ಪ್ರಶ್ನೆ ಕೊಟ್ಟರು. ಉಪಕರಣವನ್ನು ಶಿಷ್ಯನೇ ಮಾಡಿ ತಿದ್ದಿಕೊಳ್ಳಲಿ ಅಂತ ಬಿಟ್ಟರು. ತಪ್ಪು ಅಂದರೆ, ಉತ್ತರ ಹೀಗೇ ಇರಬೇಕು ಅಂತ ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಪ್ರಾಂಟ್ಲ್ ಅಂಥವರಿಗೇ ಹೀಗಾಗುತ್ತದೆ. ಶಿಷ್ಯನ ಅಳತೆ ತನ್ನ ನಿರೀಕ್ಷೆಗೆ ಹೊಂದದಿದ್ದಾಗ ‘ನೀನು ತಪ್ಪು ಅಳೆದಿದ್ದೀಯ’ ಅನ್ನುವುದು ಗೈಡ್‌ಗೆ ಬಹಳ ಸುಲಭ. ಅದು ಎಷ್ಟೋ ಸಲ ನಿಜವೂ ಹೌದು. ಯಾವಾಗ ಅದು ನಿಜವಲ್ಲ ಅಂತ ಗುರುತಿಸುವುದೇ ಕಷ್ಟ.

ಕಾರ್ಮಾನ್ 1930ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಕ್ಯಾಲ್‌ಟೆಕ್ ಎಂಬ ವಿಜ್ಞಾನ ಸಂಸ್ಥೆಗೆ ಹೋಗಿ ನೆಲೆಸಿದರು. 1939ರಲ್ಲಿ ಹಾನ್ಸ್ ಲೀಪ್‌ಮನ್ ಎಂಬ ಬರ್ಲಿನ್ ಹುಡುಗನನ್ನು ಅಲ್ಲಿಗೆ ಕರೆಸಿಕೊಂಡರು. ಲೀಪ್‌ಮನ್ ಕೈಕೆಳಗೆ 1940ರ ದಶಕದ ಕೊನೆಗೆ ಬಂದು ಸೇರಿದವರು ನಮ್ಮ ಧವನ್.

ಧವನ್ ಹುಟ್ಟಿದ್ದು 1920ರಲ್ಲಿ, ಶ್ರೀನಗರದಲ್ಲಿ. ಓದಿದ್ದು ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ. ಅವರ ಡಿಗ್ರಿಗಳ ಸಾಲು ಸ್ವಲ್ಪ ವಿಚಿತ್ರ. ಗಣಿತ ಮತ್ತು ಭೌತಶಾಸ್ತ್ರದಲ್ಲಿ ಬಿ.ಎ., ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಆಮೇಲೆ 1945ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಬಿ.ಇ. ಈಗಿನ ಕಾಲದಲ್ಲಾಗಿದ್ದರೆ ‘ಈ ಹುಡುಗನಿಗೆ ಏನು ಬೇಕು ಅಂತಲೇ ಗೊತ್ತಿಲ್ಲ’ ಅಂತ ಸಂದರ್ಶನದಲ್ಲೇ ವಾಪಸ್ ಕಳಿಸುತ್ತಿದ್ದರು. ನನಗಂತೂ ಇದೇ ಅವರ ದೊಡ್ಡ ಬಂಡವಾಳ ಅನ್ನಿಸುತ್ತದೆ. ಮುಂದೆ ಅವರು ಬೇರೆ ಬೇರೆ ವಿಷಯದ ಜನರನ್ನು ಒಂದೇ ಕ್ಯಾಂಪಸ್ಸಿಗೆ ತಂದರಲ್ಲ, ಅದರ ಬೇರು ಇಲ್ಲಿದೆ.

ಕ್ಯಾಲ್‌ಟೆಕ್‌ನಲ್ಲಿ ಲೀಪ್‌ಮನ್ ಅವರಿಗೆ ಕೊಟ್ಟ ಪ್ರಶ್ನೆ ಇದು: ಗಾಳಿ ಒಂದು ಸಪಾಟಾದ ಹಲಗೆಯ ಮೇಲೆ ಹರಿದಾಗ ಅದನ್ನು ಎಷ್ಟು ಉಜ್ಜುತ್ತದೆ ಅಂತ ನೇರವಾಗಿ ಅಳೆಯಬಹುದಾ? ಅಲ್ಲಿಯವರೆಗೆ ಹೆಚ್ಚಾಗಿ ಗಾಳಿಯ ವೇಗ, ಒತ್ತಡ ಅಳೆದು, ಅದರಿಂದ ಉಜ್ಜುವ ಬಲವನ್ನು ಲೆಕ್ಕ ಹಾಕಿ ತೆಗೆಯುತ್ತಿದ್ದರು. ಸುತ್ತುಬಳಸಿನ ದಾರಿ. ಶಬ್ದಕ್ಕಿಂತ ಜೋರಾಗಿ ಹರಿಯುವ ಗಾಳಿಯಲ್ಲಿ ಈ ದಾರಿಯ ಮೇಲೆ ನಂಬಿಕೆ ಇಡುವುದು ಕಷ್ಟವಾಗಿತ್ತು. ಧವನ್ ಮಾಡಿದ್ದು ಹೀಗೆ. ಹಲಗೆಯ ಮೇಲ್ಮೈಯಲ್ಲಿ ಒಂದು ಪುಟ್ಟ ತುಂಡನ್ನು ಬಿಡಿಸಿದರು. ಸುತ್ತ ಕೂದಲೆಳೆಯಷ್ಟು ಸಂದು. ಆ ತುಂಡು ತೆಳು ಸ್ಪ್ರಿಂಗ್ ಪಟ್ಟಿಗಳ ಮೇಲೆ ನಿಂತಿದೆ. ಗಾಳಿ ಉಜ್ಜಿದಾಗ ಅದು ಒಂದಿಷ್ಟೇ ಇಷ್ಟು ಮುಂದೆ ಜರುಗುತ್ತದೆ. ಆ ಜರುಗನ್ನು ವಿದ್ಯುತ್ ಉಪಕರಣದಿಂದ ಅಳೆದರೆ ಬಲ ಸಿಕ್ಕಿತು. ಗಾಳಿಯ ಉಜ್ಜುವಿಕೆಯನ್ನು ತೂಗುವ ತಕ್ಕಡಿ ಅನ್ನಬಹುದು. ಹೇಳಲು ಸುಲಭ. ಆದರೆ ಸಂದು ಒಂಚೂರು ಜಾಸ್ತಿಯಾದರೆ ಗಾಳಿ ಅದರೊಳಗೆ ನುಗ್ಗುತ್ತದೆ. ತುಂಡು ಒಂಚೂರು ಮೇಲೆದ್ದರೂ ಅಳತೆ ಕೆಡುತ್ತದೆ. ಇದು ಪಕ್ಕಾ ಮೆಕ್ಯಾನಿಕಲ್ ಎಂಜಿನಿಯರಿನ ಕೈಕೆಲಸ. 1951ರಲ್ಲಿ ಪಿಎಚ್.ಡಿ. ಬಂತು. ಈ ಕೆಲಸ 1953ರಲ್ಲಿ ಅಮೆರಿಕ ಸರ್ಕಾರದ ವಿಮಾನ ಸಂಶೋಧನಾ ಸಂಸ್ಥೆ ನಾಕಾದ ವರದಿಯಾಗಿ ಅಚ್ಚಾಯಿತು. ಅದೇ ನಾಕಾ ಮುಂದೆ ನಾಸಾ ಆಯಿತು.

1951ರಲ್ಲೇ ಧವನ್ ಬೆಂಗಳೂರಿಗೆ ಬಂದರು. ಭಾರತೀಯ ವಿಜ್ಞಾನ ಸಂಸ್ಥೆಗೆ. ಬೆಂಗಳೂರಿನ ಹಳಬರ ಬಾಯಲ್ಲಿ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾದದ್ದು 1942ರಲ್ಲಿ. ಅದನ್ನು ಕಟ್ಟಿದ ವಿ. ಎಂ. ಘಾಟಗೆ ಅವರು ಗ್ಯೋಟಿಂಗೆನ್‌ನಲ್ಲಿ ಪ್ರಾಂಟ್ಲ್ ಹತ್ತಿರವೇ ಡಾಕ್ಟರೇಟ್ ಮಾಡಿದ್ದವರು. ಮುಂದೆ ಎಚ್‌ಎಎಲ್ ಸೇರಿ ಎಚ್‌ಟಿ-2 ವಿಮಾನ ವಿನ್ಯಾಸ ಮಾಡಿದರು. ಹಾಗಾಗಿ ಗ್ಯೋಟಿಂಗೆನ್‌ನ ಪ್ರಶ್ನೆ ಬೆಂಗಳೂರಿಗೆ ಎರಡು ದಾರಿಯಲ್ಲಿ ಬಂತು. ಒಂದು ನೇರ, ಇನ್ನೊಂದು ಕ್ಯಾಲಿಫೋರ್ನಿಯಾ ಸುತ್ತಿಕೊಂಡು.

ಮೂವತ್ತರ ಹೊಸಿಲಲ್ಲಿದ್ದ ಧವನ್ ಕ್ಯಾಂಪಸ್ಸಿಗೆ ಹೊಸ ಗಾಳಿ ತಂದರು ಅಂತ ಅವರ ಶಿಷ್ಯರು ಬರೆದಿದ್ದಾರೆ. ಉತ್ಸಾಹ, ಶ್ರದ್ಧೆ, ಕ್ಯಾಲಿಫೋರ್ನಿಯಾದ ಸಲಿಗೆ. ಮೇಷ್ಟ್ರು ಎದುರು ಬಂದರೆ ಗೋಡೆಗೆ ಸರಿದು ನಿಲ್ಲುವ ಕಾಲ ಅದು. ಈ ಮೇಷ್ಟ್ರೋ ವಿದ್ಯಾರ್ಥಿಗಳ ಜೊತೆ ಲ್ಯಾಬಿನಲ್ಲೇ ಇರುವವರು. ದೇಶದ ಮೊದಲ ಸೂಪರ್ಸಾನಿಕ್ ವಿಂಡ್ ಟನೆಲ್‌ಗಳನ್ನು ಅಲ್ಲಿ ಕಟ್ಟಿದರು, ಅಂದರೆ ಶಬ್ದಕ್ಕಿಂತ ಜೋರಾಗಿ ಗಾಳಿ ಓಡಿಸಿ ಪ್ರಯೋಗ ಮಾಡುವ ಗಾಳಿ ಸುರಂಗಗಳನ್ನು. ಗಾಳಿ ಸುರಂಗ ಅಂದರೆ ದೊಡ್ಡದೊಂದು ಸುರಂಗ ಕಣ್ಣ ಮುಂದೆ ಬರುತ್ತದಲ್ಲವೇ? ಇವುಗಳಲ್ಲಿ ಒಂದರ ಬಾಯಿ ಬರೀ 1 ಇಂಚಿಗೆ 3 ಇಂಚು. ಬೆಂಕಿಪೊಟ್ಟಣ ಹಿಡಿಸುವಷ್ಟು. ಯಾಕೆ ಇಷ್ಟು ಚಿಕ್ಕದು? ಶಬ್ದಕ್ಕಿಂತ ವೇಗವಾಗಿ ಗಾಳಿ ಹರಿಸಲು ವಿಪರೀತ ಶಕ್ತಿ ಬೇಕು. ಬಾಯಿ ದೊಡ್ಡದಾದಷ್ಟೂ ಕಂಪ್ರೆಸರ್ ದೊಡ್ಡದು, ಖರ್ಚೂ ದೊಡ್ಡದು. ಆದರೆ ಕಲಿಯಲು 3 ಇಂಚು ಸಾಕು. ಶಬ್ದಕ್ಕಿಂತ ಜೋರಾದ ಹರಿವಿನಲ್ಲಿ ಏಳುವ ಆಘಾತ ತರಂಗ (ಶಾಕ್ ವೇವ್) ಆ ಪುಟ್ಟ ಕಿಂಡಿಯಲ್ಲೂ ಹಾಗೇ ಕಾಣುತ್ತದೆ. ದುಡ್ಡು ಬರಲಿ, ಆಮೇಲೆ ನೋಡೋಣ ಅಂತ ಕಾಯದೆ, ಇದ್ದುದರಲ್ಲಿ ಪ್ರಶ್ನೆ ಕೇಳುವುದನ್ನು ಅವರು ವಿದ್ಯಾರ್ಥಿಗಳಿಗೆ ಹೀಗೆ ಕಲಿಸಿದರು.

ಈಗ ರೊದ್ದಂ ನರಸಿಂಹ ಅವರ ಕತೆಗೆ ಬರೋಣ. 1933ರಲ್ಲಿ ಹುಟ್ಟಿದ ಬೆಂಗಳೂರಿನ ಹುಡುಗ. ತಂದೆ ಆರ್. ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಕನ್ನಡದಲ್ಲಿ ವಿಜ್ಞಾನ ಬರೆದ ಮೊದಲ ಸಾಲಿನವರಲ್ಲಿ ಒಬ್ಬರು. ಮಗ 1953ರಲ್ಲಿ ಈಗಿನ ಯುವಿಸಿಇಯಿಂದ ಮೆಕ್ಯಾನಿಕಲ್ ಬಿ.ಇ. ಮುಗಿಸಿದ. ಒಂದು ಸಲ ಟಾಟಾ ಇನ್‌ಸ್ಟಿಟ್ಯೂಟ್ ನೋಡಲು ಹೋದಾಗ ವಿಮಾನ ವಿಭಾಗದ ಅಂಗಳದಲ್ಲಿ ಒಂದು ಸ್ಪಿಟ್‌ಫೈರ್ ನಿಂತಿತ್ತು. ಎರಡನೇ ಮಹಾಯುದ್ಧದ ಯುದ್ಧವಿಮಾನ. ಆ ವಿಮಾನದ ಸೆಳೆತಕ್ಕೆ ಸಿಕ್ಕ ಹುಡುಗ ಅಲ್ಲೇ ಸೇರಿ ಧವನ್ ಶಿಷ್ಯನಾದ.

ಗುರು ಕೊಟ್ಟ ಪ್ರಶ್ನೆ ಗಡಿ ಪದರದ್ದೇ. ಆದರೆ ಅದರ ಬೇರೆ ಮೂಲೆಯದ್ದು.

ದೇವರ ಮುಂದೆ ಊದುಬತ್ತಿ ಹಚ್ಚಿ ಸ್ವಲ್ಪ ಹೊತ್ತು ನೋಡಿ. ಹೊಗೆ ಮೊದಲು ದಾರದ ಹಾಗೆ ನೆಟ್ಟಗೆ ಏರುತ್ತದೆ. ಒಂದು ಎತ್ತರಕ್ಕೆ ಹೋದ ಮೇಲೆ ಕದಡಿ ಸುರುಳಿ ಸುರುಳಿಯಾಗುತ್ತದೆ. ನೆಟ್ಟಗಿರುವ ಹರಿವಿಗೆ ಲ್ಯಾಮಿನಾರ್ ಅಂತಾರೆ, ನಯ ಹರಿವು. ಕದಡಿದ್ದಕ್ಕೆ ಟರ್ಬ್ಯುಲೆಂಟ್. ಗಡಿ ಪದರದಲ್ಲೂ ಹೀಗೇ. ರೆಕ್ಕೆಯ ಮುಂದಿನ ಅಂಚಿನಲ್ಲಿ ಗಾಳಿ ನಯವಾಗಿ ಶುರುವಾಗುತ್ತದೆ, ಮುಂದೆ ಹೋಗುತ್ತಾ ಕದಡುತ್ತದೆ. ಕದಡಿದ ಗಾಳಿ ರೆಕ್ಕೆಯನ್ನು ಹಲವು ಪಟ್ಟು ಜಾಸ್ತಿ ಉಜ್ಜುತ್ತದೆ. ಹಾಗಾಗಿ ನಯದಿಂದ ಕದಡಿಗೆ ಎಲ್ಲಿ ದಾಟುತ್ತದೆ, ಹೇಗೆ ದಾಟುತ್ತದೆ ಅಂತ ವಿನ್ಯಾಸ ಮಾಡುವವರಿಗೆ ಗೊತ್ತಿರಬೇಕು.

ಮೊದಲೆಲ್ಲ ದಾಟುವುದನ್ನು ಒಂದು ಗೆರೆ ಅಂತ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಗೆರೆಯ ಈಚೆ ನಯ, ಆಚೆ ಕದಡು. 1951ರಲ್ಲಿ ಹಾರ್ವರ್ಡಿನ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರೊಫೆಸರ್ ಹೊವಾರ್ಡ್ ಎಮ್ಮನ್ಸ್ ಬೇರೆಯೇ ಚಿತ್ರ ಕೊಟ್ಟರು. ತೆಳುವಾಗಿ ಹರಿಯುವ ನೀರಿನ ಮೇಲೆ ಅವರಿಗೆ ಕದಡಿನ ಮಚ್ಚೆಗಳು ಕಂಡವು. ಅಲ್ಲೊಂದು, ಇಲ್ಲೊಂದು ಇದ್ದಕ್ಕಿದ್ದಂತೆ ಹುಟ್ಟುತ್ತವೆ. ಹರಿವಿನ ಜೊತೆ ಸಾಗುತ್ತಾ ದೊಡ್ಡದಾಗುತ್ತವೆ. ಒಂದಕ್ಕೊಂದು ಕೂಡಿಕೊಂಡು ಕೊನೆಗೆ ಎಲ್ಲ ಕದಡು. ನಮ್ಮ ಕಲ್ಲುಚಪ್ಪಡಿಯ ಅಂಗಳದಲ್ಲಿ ಮೊದಲ ಮಳೆ ಬೀಳುವುದನ್ನು ನೆನಪು ಮಾಡಿಕೊಳ್ಳಿ. ಒಂದೊಂದೇ ಹನಿಯ ಮಚ್ಚೆ. ನೋಡ್ತಾ ನೋಡ್ತಾ ಮಚ್ಚೆ ಮಚ್ಚೆ ಸೇರಿ ಅಂಗಳವೆಲ್ಲ ಒದ್ದೆ.

ಹಾಗಾದರೆ ರೆಕ್ಕೆಯ ಒಂದು ಜಾಗದಲ್ಲಿ ಒಂದು ತೀರಾ ತೆಳು ಬಿಸಿ ತಂತಿ ಇಟ್ಟು ಕಾದರೆ ಏನು ಕಾಣಬೇಕು? ಗಾಳಿ ತಂತಿಯನ್ನು ತಣ್ಣಗೆ ಮಾಡುತ್ತದೆ. ಎಷ್ಟು ತಣ್ಣಗಾಯಿತು ಅನ್ನುವುದರಿಂದ ವೇಗ ತಿಳಿಯುತ್ತದೆ. ಸ್ವಲ್ಪ ಹೊತ್ತು ಗೆರೆ ನೆಟ್ಟಗೆ, ಮಚ್ಚೆ ಹಾದುಹೋಗುವಾಗ ಕುಣಿದಾಟ, ಮತ್ತೆ ನೆಟ್ಟಗೆ. ಒಟ್ಟು ಸಮಯದಲ್ಲಿ ಕುಣಿದಾಟದ ಪಾಲೆಷ್ಟು? ಇದಕ್ಕೆ ಇಂಟರ್‌ಮಿಟೆನ್ಸಿ ಅಂತ ಹೆಸರು. ಶುರುವಿನಲ್ಲಿ ಸೊನ್ನೆ, ಕೊನೆಯಲ್ಲಿ ನೂರಕ್ಕೆ ನೂರು. ನಡುವೆ ಅದು ಹೇಗೆ ಏರುತ್ತದೆ ಅನ್ನುವುದೇ ಪ್ರಶ್ನೆ.

ಮಚ್ಚೆಗಳು ರೆಕ್ಕೆಯ ಉದ್ದಕ್ಕೂ ಎಲ್ಲೆಂದರಲ್ಲಿ ಹುಟ್ಟುತ್ತವೆ ಅಂತ ಇಟ್ಟುಕೊಂಡು ಎಮ್ಮನ್ಸ್ ಸೂತ್ರ ಬರೆದಿದ್ದರು. ಪ್ರಯೋಗದಲ್ಲಿ ಅಳೆದ ಏರಿಕೆ ಅದಕ್ಕೆ ಹೊಂದುತ್ತಿರಲಿಲ್ಲ. ನರಸಿಂಹ ಹೇಳಿದ್ದು: ಮಚ್ಚೆಗಳು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಹರಿವಿಗೆ ಅಡ್ಡಲಾಗಿರುವ ಒಂದು ಕಿರಿದಾದ ಪಟ್ಟಿಯಲ್ಲೇ ಹೆಚ್ಚುಕಡಿಮೆ ಎಲ್ಲವೂ ಹುಟ್ಟುತ್ತವೆ. ಆ ಪಟ್ಟಿಯೊಳಗೆ ಎಲ್ಲಿ, ಯಾವಾಗ ಅನ್ನುವುದು ಮಾತ್ರ ಹೇಳಲಾಗದು. ಮತ್ತೆ ಮಳೆಯ ಮಾತಿಗೇ ಬಂದರೆ, ಇದು ಅಂಗಳದ ತುಂಬ ಬೀಳುವ ಮಳೆಯಂತಲ್ಲ. ಹೆಂಚಿನ ಮನೆಯ ಸೂರಿನಿಂದ ತೊಟ್ಟಿಕ್ಕುವ ನೀರಿನಂತೆ. ಯಾವ ಹೆಂಚಿನಿಂದ ಯಾವಾಗ ಹನಿ ಬೀಳುತ್ತದೋ ಗೊತ್ತಿಲ್ಲ. ಆದರೆ ಬೀಳುವುದೆಲ್ಲ ಒಂದೇ ಗೆರೆಯ ಮೇಲೆ. ಅಲ್ಲಿಂದ ಇಳಿಜಾರಿನಲ್ಲಿ ಹರಡಿಕೊಂಡು ಹೋಗುತ್ತದೆ.

ಹೀಗೆ ಇಟ್ಟುಕೊಂಡ ಕೂಡಲೇ ಲೆಕ್ಕ ಸರಳವಾಯಿತು. ಹುಟ್ಟುವ ಗೆರೆಯಿಂದ ದೂರ ಹೋದಂತೆ, ಆ ದೂರದ ವರ್ಗಕ್ಕೆ ತಕ್ಕಂತೆ ನಯ ಹರಿವಿನ ಪಾಲು ಘಾತೀಯವಾಗಿ ಇಳಿಯುತ್ತದೆ. ಸೂತ್ರದಲ್ಲಿ 0.411 ಎಂಬ ಒಂದು ಸಂಖ್ಯೆ ಬರುತ್ತದೆ. ಅದರಲ್ಲಿ ಮಾಯ ಏನಿಲ್ಲ. ಕದಡಿನ ಪಾಲು ಶೇ. 25 ಇರುವ ಜಾಗದಿಂದ ಶೇ. 75 ಇರುವ ಜಾಗದವರೆಗಿನ ದೂರವನ್ನು ಒಂದು ಅಳತೆಗೋಲು ಅಂತ ಇಟ್ಟುಕೊಂಡರೆ 0.411 ತಾನಾಗಿ ಬರುತ್ತದೆ. ಕ್ಯಾಲ್ಕುಲೇಟರ್ ಹಿಡಿದು ನೀವೇ ಮಾಡಿ ನೋಡಬಹುದು. ಚೆಂದ ಇರುವುದು ಇನ್ನೊಂದು ಕಡೆ. ಈ ಗೋಲಿನಿಂದ ಅಳೆದರೆ ಬೇರೆ ಬೇರೆ ಲ್ಯಾಬುಗಳ, ಬೇರೆ ಬೇರೆ ವೇಗದ ಅಳತೆಗಳು ಒಂದೇ ಗೆರೆಯ ಮೇಲೆ ಬಂದು ಕೂರುತ್ತವೆ. ಗ್ಯಾಸ್ ಟರ್ಬೈನಿನ ಬ್ಲೇಡಿನಲ್ಲಿ ಈ ದಾಟುವ ಪಟ್ಟಿ ಬಹಳ ಉದ್ದ ಹರಡಿರಬಹುದು. ಅಲ್ಲಿ ಶಾಖದ ಲೆಕ್ಕ ಹಾಕುವವರು ಈ ಸೂತ್ರವನ್ನು ಈಗಲೂ ಬಳಸುತ್ತಾರೆ.

ನನ್ನ ಕತೆಯ ಮುಖ್ಯ ಜಾಗ ಇದೇ. ಈ ಸೂತ್ರ 1957ರಲ್ಲಿ ಅಮೆರಿಕದ ಒಂದು ವಿಮಾನ ವಿಜ್ಞಾನ ಪತ್ರಿಕೆಯಲ್ಲಿ ಚಿಕ್ಕ ಟಿಪ್ಪಣಿಯಾಗಿ ಬಂತು. ಎರಡು ಪುಟ. ಲೇಖಕರ ಜಾಗದಲ್ಲಿ ಒಂದೇ ಹೆಸರು: ಆರ್. ನರಸಿಂಹ. ವಯಸ್ಸು 24 ದಾಟಿರಲಿಲ್ಲ. ವಿಷಯ ಗುರುವಿನದ್ದು, ಲ್ಯಾಬ್ ಗುರು ಕಟ್ಟಿದ್ದು, ವಿಭಾಗಕ್ಕೆ ಮುಖ್ಯಸ್ಥರೂ ಗುರುವೇ. 1955ರಿಂದ ಧವನ್ ಪ್ರೊಫೆಸರ್ ಮತ್ತು ಮುಖ್ಯಸ್ಥ. ಆದರೂ ಆ ಎರಡು ಪುಟದಲ್ಲಿ ಧವನ್ ಹೆಸರಿಲ್ಲ. ಮರುವರ್ಷ, 1958ರಲ್ಲಿ, ಪ್ರಯೋಗ, ಲೆಕ್ಕ ಎಲ್ಲ ಸೇರಿಸಿದ ದೊಡ್ಡ ಲೇಖನ ಇಂಗ್ಲೆಂಡಿನ ಜರ್ನಲ್ ಆಫ್ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಬಂತು. ಅಲ್ಲಿ ಇಬ್ಬರ ಹೆಸರೂ ಇದೆ. ಆ ಪತ್ರಿಕೆ ಆಗಿನ್ನೂ ಶುರುವಾಗಿ ಎರಡು ವರ್ಷ.

ಸಂಶೋಧನೆಯ ಲೋಕ ಗೊತ್ತಿಲ್ಲದವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಸಣ್ಣದಲ್ಲ. ಈಗ ಎಷ್ಟೋ ಕಡೆ ಶಿಷ್ಯ ಏನೇ ಬರೆದರೂ ಗೈಡ್ ಹೆಸರು ಇರಲೇಬೇಕು. ಬಡ್ತಿ, ಅನುದಾನ, ರ‍್ಯಾಂಕಿಂಗ್ ಎಲ್ಲವೂ ಪೇಪರ್ ಲೆಕ್ಕದ ಮೇಲೆ ನಿಂತಿದೆ. ಅದರಲ್ಲಿ ಗೈಡ್‌ಗಳದ್ದೇ ತಪ್ಪು ಅಂತಲೂ ಹೇಳಲಾರೆ. ವ್ಯವಸ್ಥೆ ಹಾಗೆ ಕಟ್ಟಿಕೊಂಡಿದೆ. ಆದರೆ ಹೊಳಹು ಯಾರದ್ದೋ ಹೆಸರು ಅವರದ್ದೇ ಇರಲಿ ಅಂತ ಬಿಟ್ಟುಕೊಟ್ಟ ಗುರುವಿನ ಹತ್ತಿರ ಕಲಿತವನಿಗೆ, ‘ಈ ಪ್ರಶ್ನೆ ಇನ್ನು ನನ್ನದು’ ಅನ್ನುವ ಧೈರ್ಯ ಬರುತ್ತದೆ. ಪ್ರಶ್ನೆ ಕೈ ದಾಟುವುದು ಅಂದರೆ ಇದೇ ಅಂತ ನನಗೆ ಅನ್ನಿಸುತ್ತದೆ. ಅದಾದ ಮೇಲೆ ನರಸಿಂಹ ಹೋದದ್ದು ಎಲ್ಲಿಗೆ? ಕ್ಯಾಲ್‌ಟೆಕ್‌ಗೆ, ಲೀಪ್‌ಮನ್ ಹತ್ತಿರ. ಶಿಷ್ಯನನ್ನು ತನ್ನ ಗುರುವಿನ ಮನೆಗೇ ಕಳಿಸಿದ ಹಾಗಾಯಿತು. 1961ರಲ್ಲಿ ಪಿಎಚ್.ಡಿ. ಮುಗಿಸಿ, ಮರುವರ್ಷ ಬೆಂಗಳೂರಿಗೆ ವಾಪಸ್.

ಆ ಹೊತ್ತಿಗೆ ಧವನ್ ಸಂಸ್ಥೆಯ ನಿರ್ದೇಶಕರಾಗಿದ್ದರು. 1962ರಿಂದ 1981ರವರೆಗೆ, 19 ವರ್ಷ. ಈ ಅವಧಿಯ ಬಗ್ಗೆ ಬೇಕಾದಷ್ಟು ಬರೆದವರಿದ್ದಾರೆ, ನಾನು ಬೇಗ ದಾಟುತ್ತೇನೆ. ಪ್ರೊಟೀನುಗಳ ಆಕಾರದ ಮೇಲೆ ಕೆಲಸ ಮಾಡಿದ ಜಿ. ಎನ್. ರಾಮಚಂದ್ರನ್ ಅವರು ಬೆಂಗಳೂರಿಗೆ ಬಂದದ್ದು ಈ ಕಾಲದಲ್ಲಿ. ಹಳ್ಳಿಗಳಿಗೆ ವಿಜ್ಞಾನ ಮುಟ್ಟಿಸಲು ಎ. ಕೆ. ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಶುರುವಾದದ್ದು 1974ರಲ್ಲಿ. ನಮ್ಮ ಎಷ್ಟೋ ಹಳ್ಳಿ ಅಡುಗೆಮನೆಗಳಲ್ಲಿ ‘ಅಸ್ತ್ರ ಒಲೆ’ ಅಂತ ಹೊಗೆ ಕಡಿಮೆ ಬರುವ ಒಲೆ ಇತ್ತಲ್ಲ, ಅದರ ಹೆಸರು ಅಲ್ಲಿಂದಲೇ ಬಂತು. ಒಬ್ಬ ಗೈಡ್ ಶಿಷ್ಯನಿಗೆ ಜಾಗ ಬಿಡುವ ರೀತಿಯಲ್ಲೇ ನಿರ್ದೇಶಕ ಧವನ್ ಮೇಷ್ಟ್ರುಗಳಿಗೂ ಜಾಗ ಬಿಟ್ಟರು.

1971ರ ಡಿಸೆಂಬರ್ ಕೊನೆಯಲ್ಲಿ ಇಸ್ರೋ ಮುಖ್ಯಸ್ಥ ವಿಕ್ರಮ್ ಸಾರಾಭಾಯಿ ತೀರಿಕೊಂಡಾಗ ಧವನ್ ಕ್ಯಾಲ್‌ಟೆಕ್‌ನಲ್ಲಿದ್ದರು. ಇಸ್ರೋ ವಹಿಸಿಕೊಳ್ಳಿ ಅಂತ ಇಂದಿರಾ ಗಾಂಧಿಯವರಿಂದ ಕರೆ ಬಂತು. ಅವರು ಎರಡು ಮಾತು ಕೇಳಿಕೊಂಡರು. ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು, ವಿಜ್ಞಾನ ಸಂಸ್ಥೆಯ ನಿರ್ದೇಶಕನಾಗಿಯೂ ಮುಂದುವರಿಯಬೇಕು. ಇಸ್ರೋ ಬೆಂಗಳೂರಿನದ್ದಾಗಲು ಒಬ್ಬ ಮೇಷ್ಟ್ರು ತನ್ನ ಕ್ಯಾಂಪಸ್ ಬಿಡಲು ಒಪ್ಪದೇ ಇದ್ದದ್ದೂ ಕಾರಣ. 1979ರ ಆಗಸ್ಟಿನಲ್ಲಿ ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿದ್ದಾಗ ಪತ್ರಕರ್ತರ ಮುಂದೆ ಧವನ್ ತಾವೇ ಕೂತರು. ಮರುವರ್ಷ ಜುಲೈನಲ್ಲಿ ಗೆದ್ದಾಗ ಆ ರಾಕೆಟ್ ಯೋಜನೆಯ ಮುಖ್ಯಸ್ಥ ಅಬ್ದುಲ್ ಕಲಾಂ ಅವರನ್ನು ಮುಂದೆ ಕೂರಿಸಿದರು. ಕಲಾಂ ಈ ಘಟನೆಯನ್ನು ಮತ್ತೆ ಮತ್ತೆ ಹೇಳುತ್ತಿದ್ದರು, ಎಲ್ಲರಿಗೂ ಗೊತ್ತು. 1957ರ ಆ ಎರಡು ಪುಟ ನೋಡಿದ ಮೇಲೆ ನನಗೆ ಅದರಲ್ಲಿ ಆಶ್ಚರ್ಯ ಉಳಿಯಲಿಲ್ಲ. ಲ್ಯಾಬಿನಲ್ಲಿ ಇಪ್ಪತ್ತು ವರ್ಷದ ಹಿಂದೆಯೇ ಅವರು ಹಾಗೆ ಇದ್ದರು.

ಪ್ರಶ್ನೆ ಮುಂದೆ ಎಲ್ಲಿಗೆ ಹೋಯಿತು? ನರಸಿಂಹ ಅವರ ಹತ್ತಿರ ಕೆ. ಆರ್. ಶ್ರೀನಿವಾಸನ್ ಎಂಬ ಹುಡುಗ ಸೇರಿದರು. ಅವರೂ ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಬಿ.ಇ. ಓದಿದವರೇ. ಗುರುವಿನ ಗುರು ಕೇಳಿದ್ದು ನಯ ಹರಿವು ಕದಡುವುದು ಹೇಗೆ ಅಂತ. ಇವರಿಗೆ ಸಿಕ್ಕ ಪ್ರಶ್ನೆ ತಿರುವುಮುರುವು: ಕದಡಿದ ಹರಿವು ಮತ್ತೆ ನಯವಾಗಬಹುದಾ? ಕಲಸಿದ ಹಾಲು ನೀರು ಬೇರೆಯಾಗಲ್ಲ ಅಂತ ನಾವು ನಂಬಿದ್ದೇವೆ. ಆದರೆ ಕದಡಿದ ಗಡಿ ಪದರದ ಗಾಳಿಯನ್ನು ಕಿರಿದಾಗುವ ದಾರಿಯಲ್ಲಿ ಜೋರಾಗಿ ಎಳೆದು ಓಡಿಸಿದರೆ ಅದು ಮತ್ತೆ ನಯ ಹರಿವಿನ ಹಾಗೆ ನಡೆದುಕೊಳ್ಳುತ್ತದೆ. ಕದಡು ಪೂರ್ತಿ ಸಾಯುವುದಿಲ್ಲ. ಓಟದ ಎಳೆತ ಬಲವಾಗಿರುವಾಗ ಅದರ ಆಟ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೇ. 1973ರಲ್ಲಿ ಗುರುಶಿಷ್ಯರು ಇದನ್ನು ಅದೇ ಜರ್ನಲ್ ಆಫ್ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಬರೆದರು. ಶ್ರೀನಿವಾಸನ್ ಮುಂದೆ ಯೇಲ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರೊಫೆಸರ್ ಆದರು. ಇಟಲಿಯ ಟ್ರಿಯೆಸ್ಟ್‌ನಲ್ಲಿರುವ ಭೌತಶಾಸ್ತ್ರದ ಅಂತಾರಾಷ್ಟ್ರೀಯ ಕೇಂದ್ರದ ನಿರ್ದೇಶಕರಾದರು.

ಧವನ್ ಕೊನೆಯ ವರ್ಷಗಳಲ್ಲಿ ಹಕ್ಕಿಗಳ ಹಿಂದೆ ಬಿದ್ದರು. ಶ್ರೀಹರಿಕೋಟದ ಪಕ್ಕದ ಪುಲಿಕಾಟ್ ಸರೋವರಕ್ಕೆ ಹೋಗಿ ಗಂಟೆಗಟ್ಟಲೆ ನೋಡುತ್ತಿದ್ದರು. ಹಕ್ಕಿಗಳ ಹಾರಾಟದ ಬಗ್ಗೆ 1991ರಲ್ಲಿ ಒಂದು ಪುಸ್ತಕ ಬಂತು. ಎಪ್ಪತ್ತು ದಾಟಿದ ಮೇಲೂ ರೆಕ್ಕೆ ಮೇಲಿನ ಗಾಳಿಯ ಪ್ರಶ್ನೆಯೇ. 2002ರ ಜನವರಿಯಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಇಷ್ಟೂ ಕತೆ ಕೇಳಿ ತಂಗಿಯ ಮಗಳು ಅಂದಳು: ‘ಅಂಥವರು ಈಗ ಎಲ್ಲಿ ಸಿಗ್ತಾರೆ ಮಾಮ?’ ಸಿಗುತ್ತಾರೆ, ಆದರೆ ಹುಡುಕಬೇಕು. ಈಗಿನ ಯುಜಿಸಿ ನಿಯಮದಂತೆ ಒಬ್ಬ ಪ್ರೊಫೆಸರ್ ಒಂದೇ ಕಾಲಕ್ಕೆ 8 ಜನರಿಗೆ ಗೈಡ್ ಆಗಬಹುದು, ಅಸೋಸಿಯೇಟ್ 6, ಅಸಿಸ್ಟೆಂಟ್ 4. ಅಂದರೆ ಆ ಗೈಡ್ ಹತ್ತಿರ ಈಗಾಗಲೇ ಇರುವವರು ಸಿಕ್ಕೇ ಸಿಗುತ್ತಾರೆ. ಕ್ಯಾಂಟೀನಿನಲ್ಲಿ ಅವರ ಜೊತೆ ಒಂದು ಕಾಫಿ ಕುಡಿ ಅಂದೆ. ಪ್ರಯೋಗ ಕೈಕೊಟ್ಟಾಗ ಸರ್ ಅಥವಾ ಮೇಡಂ ಏನಂದರು ಅಂತ ಕೇಳು. ಅಳತೆ ಅವರ ನಿರೀಕ್ಷೆಗೆ ಹೊಂದದಿದ್ದಾಗ ಮತ್ತೆ ಅಳೆಯಲು ಎಷ್ಟು ಸಲ ಕಳಿಸಿದರು, ಯಾವಾಗ ತಾವೇ ಬಂದು ಪಕ್ಕದಲ್ಲಿ ನಿಂತು ನೋಡಿದರು ಅಂತಲೂ ಕೇಳು. ಓದು ಮುಗಿಸಿ ಹೋದವರು ಈಗ ಏನು ಮಾಡುತ್ತಿದ್ದಾರೆ ನೋಡು. ಗೈಡ್ ಕೊಟ್ಟ ವಿಷಯದಲ್ಲೇ ಸುತ್ತುತ್ತಿದ್ದಾರಾ, ಅಥವಾ ಅದರಿಂದ ತಮ್ಮದೊಂದು ಪ್ರಶ್ನೆ ಹುಟ್ಟಿಸಿಕೊಂಡಿದ್ದಾರಾ? ಪಾಠ ಚೆನ್ನಾಗಿ ಮಾಡುವವರೆಲ್ಲ ಒಳ್ಳೆಯ ಗೈಡ್ ಆಗಿರುವುದಿಲ್ಲ, ಅದೂ ನೆನಪಿರಲಿ. ಕ್ಲಾಸಿನಲ್ಲಿ ಉತ್ತರ ಗೊತ್ತಿರುವ ವಿಷಯ ಹೇಳಬೇಕು. ಲ್ಯಾಬಿನಲ್ಲಿ ಉತ್ತರ ಗೊತ್ತಿಲ್ಲದ ಜಾಗದಲ್ಲಿ ಶಿಷ್ಯನ ಪಕ್ಕ ನಿಲ್ಲಬೇಕು. ಎರಡಕ್ಕೂ ಬೇರೆ ಬೇರೆ ಗುಂಡಿಗೆ ಬೇಕು.

ಅವಳು ಹೊರಡುವ ಮುಂಚೆ ಎರಡು ಪ್ರಿಂಟ್ ತೆಗೆದು ಕೈಯಲ್ಲಿ ಇಟ್ಟೆ. 1957ರ ಟಿಪ್ಪಣಿ ಒಂದು, 1958ರ ಲೇಖನ ಒಂದು. ‘ಲೆಕ್ಕ ಆಮೇಲೆ ಓದು, ಮೊದಲು ಲೇಖಕರ ಹೆಸರಿನ ಸಾಲು ನೋಡು’ ಅಂದೆ. ಅವಳು ಬಾಗಿಲಲ್ಲೇ ನಿಂತು ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದಳು.